ಬೆಂಕಿಗೆ ಉಬ್ಬುವ ವಾರ್ನಿಶ್

ಮಾರ್ಚ್ 2, ಭಾನುವಾರ

ಅಣ್ಣ ಜೆಲಿಂದೊ, ಎಂದು ಬರೆದು ಪೆನ್ನು ನಿಲ್ಲಿಸಿದೆ. ಭಾನುವಾರ ಊಟ ಮುಗಿಸಿ, ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಒರೆಸಿ, ಅರ್ಜೆಂಟೀನಾಕ್ಕೆ ಕಾಗದ ಬರೆಯುವುದು ನನಗೆ ಹಲ್ಲುಜ್ಜಿದಷ್ಟೇ ರೂಢಿ. ಜನವರಿಯಲ್ಲಿ ಅಣ್ಣ ಅಲ್ಲೇ ತೀರಿಹೋದ. ಕೈಗೆ ಅದಿನ್ನೂ ಗೊತ್ತಾಗಿಲ್ಲ, ಊಟವಾದ ಕೂಡಲೇ ಪೆನ್ನು ಹುಡುಕುತ್ತದೆ.

"ಯಾರಿಗಾದ್ರೂ ಬರಿಯಯ್ಯಾ, ಇಲ್ಲಾಂದ್ರೆ ಸಂಜೆ ತನಕ ನನ್ನ ತಲೆ ತಿಂತೀಯ" ಎಂದು ನಿವೆಸ್ ಈ ದಪ್ಪ ಪುಸ್ತಕ ತಂದುಕೊಟ್ಟಳು. ಹೆಂಡತಿ ಹೇಳಿದ ಮೇಲೆ ಮುಗಿಯಿತು. ಇನ್ನು ನನಗೆ ನಾನೇ ಬರೆದುಕೊಳ್ಳುವುದು.

ವಿಷಯಕ್ಕೇನೂ ಬರವಿಲ್ಲ. ನಿನ್ನೆ ವೈನ್ ಅಂಗಡಿಯಲ್ಲಿ ಬಾಯಿ ಬಿಟ್ಟು ಸಿಕ್ಕಿಹಾಕಿಕೊಂಡೆ. ನಮ್ಮ ಗಾಯನ ಮಂಡಳಿಯ ಹಾಲ್ ದುರಸ್ತಿಯಾಗುತ್ತಿದೆಯಲ್ಲ, ಗೋಡೆಗೆಲ್ಲ ಲಾರ್ಚ್ ಮರದ ಹಲಗೆ ಹೊಡೆಯುವುದೆಂದು ಮಾತಾಗಿತ್ತು. ಪಂಚಾಯಿತಿಯ ಎಂಜಿನಿಯರ್ ಬಂದು, ಲೋಟ ಕೆಳಗಿಡದೆ, ಎಲ್ಲಕ್ಕೂ ತಣ್ಣೀರು ಎರಚಿದ. "ಜನ ಸೇರೋ ಜಾಗ. ಬರೀ ಮರ ಆಗಲ್ಲ. ಬೆಂಕಿ ಪರೀಕ್ಷೆ ಪಾಸಾದ ಹಲಗೆ ಮೇ ತಿಂಗಳೊಳಗೆ ತೋರ್ಸಿ. ಇಲ್ಲಾಂದ್ರೆ ಜಿಪ್ಸಮ್ ಹಲಗೆ ಹೊಡೀತೀವಿ."

ನಮಗೆಲ್ಲ ಹಾಡು ಕಲಿಸಿದ ಟುಲ್ಲಿಯೊ ಮೇಷ್ಟ್ರ ಮುಖ ನೋಡಬೇಕಿತ್ತು. "ಜಿಪ್ಸಮ್ ಮುಂದೆ ಹಾಡೋದೂ ಒಂದೇ, ದಿಂಬಿಗೆ ಬಾಯಿಟ್ಟು ಹಾಡೋದೂ ಒಂದೇ" ಎಂದರು. ನನಗೆ ತಡೆಯಲಾಗಲಿಲ್ಲ. ವೈನೂ ಸ್ವಲ್ಪ ಒಳಗಿತ್ತು. ಎದ್ದು ನಿಂತು, "ನಾನು ಮಾಡ್ಕೊಡ್ತೀನಿ ವಾರ್ನಿಶ್ಶು! ಬೆಂಕಿನೇ ನಾಚ್ಕೊಂಡು ವಾಪಸ್ ಹೋಗ್ಬೇಕು, ಅಂಥದ್ದು!" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಿವೆಸ್ ಮೇಜಿನ ಕೆಳಗೆ ಒದ್ದಳು. ತಡವಾಗಿತ್ತು.

ಅಣ್ಣ, ನಿನಗೆ ಗೊತ್ತಲ್ಲ, ನನಗೆ ಬರುವುದು ಕುರ್ಚಿಗೆ ಮೆರುಗು ಕೊಡುವ ವಾರ್ನಿಶ್. ಮೂಗು, ಬೆರಳು ಇಟ್ಟುಕೊಂಡೇ ಕಲಿತದ್ದು. ಬೆಂಕಿ ತಡೆಯುವ ವಾರ್ನಿಶ್ ನಾನು ಕಣ್ಣಲ್ಲೂ ಕಂಡಿಲ್ಲ.

ಮಾರ್ಚ್ 4, ಮಂಗಳವಾರ

ನಮ್ಮ ಕುರ್ಚಿ ಫ್ಯಾಕ್ಟರಿಯ ಧಣಿ ದೊಡ್ಡ ಮನಸ್ಸು ಮಾಡಿದ್ದಾರೆ. ಮಂಡಳಿಯ ಹಾಲಿನ ಹಲಗೆಗಳಿಗೆಲ್ಲ ಫ್ಯಾಕ್ಟರಿಯೇ ವಾರ್ನಿಶ್ ಬಿಟ್ಟಿ ಹಚ್ಚಿಕೊಡುತ್ತದಂತೆ. ಆ ವಾರ್ನಿಶ್ ಗೆದ್ದರೆ ನಾಳೆ ಹೊರಗಡೆಯೂ ಮಾರಬಹುದೆಂಬ ಲೆಕ್ಕವೂ ಇದೆ, ಇರಲಿ. ಜೊತೆಗೆ ಟ್ರಿಯೆಸ್ಟ್‌ ಪಟ್ಟಣದಿಂದ ಒಬ್ಬಳನ್ನು ಕರೆಸಿದ್ದಾರೆ. ರಸಾಯನಶಾಸ್ತ್ರ ಓದಿದವಳು.

"ದುಯಿಲಿಯೊ, ಬೆಂಕಿ ವಿಷಯ ನಿನಗೆ ಗೊತ್ತಿಲ್ಲ, ಮರದ ವಿಷಯ ಅವಳಿಗೆ ಗೊತ್ತಿಲ್ಲ. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀರ" ಎಂದರು ಧಣಿ.

ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಟ್ರಿಯೆಸ್ಟ್‌ನವಳು ನನ್ನ ಡಬ್ಬಿಗಳನ್ನೆಲ್ಲ ಕಪಾಟಿನಲ್ಲಿ ಹೊಸದಾಗಿ ಜೋಡಿಸಿದ್ದಳು.

"ಅಕ್ಷರಮಾಲೆ ಪ್ರಕಾರ ಇಟ್ಟಿದ್ದೀನಿ, ದುಯಿಲಿಯೊ ಅವ್ರೇ. ಹುಡುಕೋಕೆ ಸುಲಭ."

"ನಾನು ಯಾವತ್ತೂ ಹುಡುಕಿಲ್ಲಮ್ಮ. ಇವತ್ತೇ ಮೊದಲು."

ದಿನಾ ಬೇಕಾದದ್ದು ಕೈಗೆ ಹತ್ತಿರ, ನಾತ ಬರುವುದು ಕಿಟಕಿ ಕಡೆಗೆ. ಇದಕ್ಕೆ ಯಾವ ಅಕ್ಷರ? ನನ್ನ ಕಲಕುವ ಕೋಲನ್ನು ಕೋಟಿನೊಳಗೆ ಅವಿತಿಟ್ಟುಕೊಂಡು ಮನೆಗೆ ತಂದೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ, ಅಣ್ಣ. ನನಗೆ ನಗು ಬರಲಿಲ್ಲ.

ಮಾರ್ಚ್ 11, ಮಂಗಳವಾರ

ಬೆಂಕಿ ತಡೆಯುವ ಮದ್ದೆಂದರೆ ಒಂದು ಬಿಳಿ ಪುಡಿ. ಅದನ್ನು ವಾರ್ನಿಶ್ಶಿಗೆ ಕಲಸಿದೆವು. ಮಾಮೂಲಿ ವಾರ್ನಿಶ್ ಆದರೆ, ಹಚ್ಚಿದ ಹಲಗೆ ಸಾಗುಪಟ್ಟಿಯ ಮೇಲೆ ಯುವಿ ದೀಪದ ಕೆಳಗೆ ಹಾಯ್ದು ಆಚೆ ಬರುವಷ್ಟರಲ್ಲಿ ಒಣಗಿ ಗಾಜಾಗಿರುತ್ತದೆ. ಇದು ಹಾಲಿನಂತೆ ಬೆಳ್ಳಗಾಯಿತು. ಆ ಪುಡಿ ದೀಪದ ಬೆಳಕನ್ನು ತಳಕ್ಕೆ ಬಿಡಲೇ ಇಲ್ಲ. ಮೇಲೆ ಒಣಗಿದೆ, ಅಡಿಯಲ್ಲಿ ಹಸಿ. ಉಗುರು ಹಾಕಿದರೆ ಕಾದ ಹಾಲಿನ ಕೆನೆಯಂತೆ ಎದ್ದು ಬಂತು.

ದೀಪದ ಯಂತ್ರ ನೋಡಿಕೊಳ್ಳುವ ಒನೊರಿನಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನು ವಾರ್ನಿಶ್ಶೋ ಮೊಸರೋ? ಮೊಸರಾದ್ರೆ ಹೇಳು, ಸಕ್ಕರೆ ತರ್ತೀನಿ." ನಮ್ಮ ಮಂಡಳಿಯಲ್ಲೂ ಅವಳದ್ದೇ ಬಾಯಿ ದೊಡ್ಡದು.

ಮರದ ಗೆರೆ ಕಾಣದಿದ್ದರೆ ಮರ ಯಾತಕ್ಕೆ? ಟ್ರಿಯೆಸ್ಟ್‌ನವಳಿಗೆ ಹಾಗೇ ಹೇಳಿದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ಎಲ್ಲವನ್ನೂ ಬರೆದುಕೊಳ್ಳುತ್ತಾಳೆ.

ಮಾರ್ಚ್ 19, ಬುಧವಾರ, ಸಂತ ಜೋಸೆಫರ ಹಬ್ಬ

ಬಡಗಿಗಳ ಸಂತನ ದಿನ. ಕುರ್ಚಿ ಮಾಡುವವರೆಲ್ಲ ಬೆಳಿಗ್ಗೆಯೇ ಗ್ಲಾಸು ಹಿಡಿದಿದ್ದರು. ನಾವು ಮಾತ್ರ ಕೆಲಸ ಮಾಡಿದೆವು. ಮಾಡಿದ್ದು ಸಾರ್ಥಕವಾಯಿತು.

ಟ್ರಿಯೆಸ್ಟ್‌ನವಳು ಪುಡಿ ಬಿಟ್ಟು ದ್ರವದ ಮದ್ದು ತರಿಸಿದ್ದಳು. ಅದರಲ್ಲಿ ರಂಜಕವಿದೆಯಂತೆ. ವಾರ್ನಿಶ್ಶಿನ ಜೊತೆ ಕೈ ಹಿಡಿದುಕೊಂಡು ಒಂದೇ ಪೊರೆಯಾಗಿ ಒಣಗುತ್ತದಂತೆ, ಕರಗಿ ಹೋಗುವುದಿಲ್ಲ, ಬೆಳಕಿಗೂ ಅಡ್ಡ ನಿಲ್ಲುವುದಿಲ್ಲ. ಲ್ಯಾಬಿನ ಪುಟ್ಟ ದೀಪದ ಕೆಳಗೆ ಅಂಗೈ ಅಗಲದ ಹಲಗೆ ಹಾಯಿಸಿದೆವು. ತಿಳಿನೀರಿನ ಹಾಗೆ, ಒಂದೊಂದು ಗೆರೆಯೂ ಕಾಣುತ್ತಿತ್ತು. ಅಂಗಳಕ್ಕೆ ತಂದು ಗ್ಯಾಸಿನ ಉರಿ ಹಿಡಿದಳು.

ವಾರ್ನಿಶ್ ಮೊದಲು ಕಪ್ಪಾಯಿತು. ಆಮೇಲೆ, ಬಾಣಲೆಯಲ್ಲಿ ಫ್ರಿಕೊ ಮಾಡುವಾಗ ಚೀಸ್ ಗುಳ್ಳೆ ಗುಳ್ಳೆಯಾಗಿ ಏಳುತ್ತದಲ್ಲ, ಹಾಗೆ ಉಬ್ಬಿತು. ಉಬ್ಬಿ ಉಬ್ಬಿ ಕರಿ ನೊರೆಯ ಹೊದಿಕೆಯಾಯಿತು. ಉರಿ ಅದನ್ನು ದಾಟಲಾರದೆ ಸುಸ್ತಾಯಿತು. ಹೊದಿಕೆ ಕೆರೆದು ನೋಡಿದರೆ ಅಡಿಯಲ್ಲಿ ಮರ, ನಿನ್ನೆ ಕೊಯ್ದ ಹಾಗೆ.

ಇಬ್ಬರೂ ಒಟ್ಟಿಗೇ ಕೂಗಿದೆವು. ಅವಳು ಟ್ರಿಯೆಸ್ಟ್ ಮಾತಿನಲ್ಲಿ ಏನೋ ಅಂದಳು. ಮಡಿವಂತರು ಆಡುವ ಮಾತಲ್ಲ ಅದು. ಒಳ್ಳೆಯ ಹುಡುಗಿ ಇರಬಹುದು.

ಏಪ್ರಿಲ್ 3, ಗುರುವಾರ

ಇವತ್ತು ದೊಡ್ಡ ಹಲಗೆಗಳು. ಲ್ಯಾಬು ಮಹಡಿಯ ಮೇಲೆ, ಯಂತ್ರ ಕೆಳಗೆ. ಮದ್ದು ಬೆರೆಸಿದ ಡ್ರಮ್ಮು ಕೆಳಗಿಳಿಸಿ ಒನೊರಿನಾಗೆ ಒಪ್ಪಿಸಿದೆ.

"ಮೇಷ್ಟ್ರ ಹಾಲಿಗೆ ಹೋಗೋ ಹಲಗೆ. ಚೆನ್ನಾಗಿ ಬೇಯ್ಸು."

"ನನಗೆ ಹೇಳ್ಕೊಡ್ತೀಯಾ? ನೀನು ಮಂಡಳೀಲಿ ಬೇಸ್ ಹಾಡೋವಾಗ ಸ್ವರ ತಪ್ಪದ ಹಾಗೆ ನೋಡ್ಕೋ."

ಹಲಗೆಗಳು ಗಾಜಿನ ಹಾಗೆ ಬಂದವು. ಉಗುರು ಹಾಕಿದೆ, ಜಾರಿತು. ಮೇಲೆ ನಾಣ್ಯ ಎಳೆದೆ, ಗೆರೆಯಿಲ್ಲ. ಇಂಥ ಹಲಗೆ ನೋಡಿದರೆ ಹೊಟ್ಟೆ ತುಂಬುತ್ತದೆ. ನಾಳೆ ಅಂಗಳದಲ್ಲಿ ಎರಡು ಹಲಗೆ ಮೂಲೆಯಾಗಿ ನಿಲ್ಲಿಸಿ ಬುಡಕ್ಕೆ ಉರಿ ಇಡುವುದು. ಬೆಂಕಿ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಲ್ಯಾಬಿನವರೂ ಹಾಗೇ ಮಾಡುತ್ತಾರಂತೆ. ಮೇಷ್ಟ್ರನ್ನೂ ಕರೆದಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಹೊತ್ತಿ ಉರಿಯಿತು.

ಏಪ್ರಿಲ್ 12, ಶನಿವಾರ

ಇನ್ನೊಮ್ಮೆ ಬೆರೆಸಿ, ಇನ್ನೊಮ್ಮೆ ಹಚ್ಚಿದೆವು. ಅದೇ ಕಥೆ. ಒಂದು ಗುಳ್ಳೆ ಎದ್ದಿದ್ದರೆ ಕೇಳಿ! ಪೊರೆ ಚಟಚಟ ಒಡೆದು ಸಿಪ್ಪೆ ಸಿಪ್ಪೆಯಾಗಿ ಉದುರಿತು, ಜ್ವಾಲೆ ಬರೀ ಮರದ ಮೇಲೆ ಹತ್ತಿ ಹೋಯಿತು. ಮೇಲೆ ಲ್ಯಾಬಿನಲ್ಲಿ ಉಬ್ಬುವುದು ಕೆಳಗೆ ಯಾಕೆ ಉಬ್ಬುವುದಿಲ್ಲ? ಬೆಂಕಿ ಲ್ಯಾಬಿನವರು ಕೊಟ್ಟಿರುವುದು ಒಂದೇ ತಾರೀಖು, ಮೇ 16. ಅದು ತಪ್ಪಿದರೆ ಬೇಸಿಗೆ ಕಳೆಯುವ ತನಕ ಜಾಗವಿಲ್ಲ. ಆಮೇಲೆ ಜಿಪ್ಸಮ್ಮೇ.

ಟ್ರಿಯೆಸ್ಟ್‌ನವಳ ಜೊತೆ ಜಗಳವೂ ಆಯಿತು. "ನೀವು ತೂಕ ಮಾಡದೆ ಕಣ್ಣಂದಾಜಲ್ಲಿ ಸುರೀತೀರಿ. ಅದಕ್ಕೇ ಹೀಗಾಗಿದೆ" ಎಂದಳು. ನಾನು, "ಪುಸ್ತಕದ ಬೆಂಕಿ ಬೇರೆ, ಅಂಗಳದ ಬೆಂಕಿ ಬೇರೆ, ನಿಂದು ಬರೀ ಪುಸ್ತಕದ್ದು" ಎಂದೆ. ಮಧ್ಯಾಹ್ನ ಡ್ರಮ್ಮಿನಲ್ಲಿ ಉಳಿದದ್ದನ್ನು ಮೇಲೆ ಒಯ್ದು, ಪುಟ್ಟ ಹಲಗೆಗೆ ಹಚ್ಚಿ ಸುಟ್ಟು ನೋಡಿದಳು. ಚೆನ್ನಾಗಿ ಉಬ್ಬಿತಂತೆ. ಕೆಳಗಿಳಿದು ಬಂದು, "ನಿಮ್ಮ ಬೆರಕೆ ಸರಿಯಾಗಿದೆ. ಅಂದಿದ್ದು ತಪ್ಪಾಯ್ತು" ಎಂದಳು. ನಾನು ಹೂಂ ಎಂದೆ.

ಇದನ್ನು ಕೇಳಿ ನಿವೆಸ್ ಅಂದಳು: "ಆ ಮಗು ತಪ್ಪಾಯ್ತು ಅಂತು. ನೀನು ಹೂಂ ಅಂದ್ಯಾ? ನಿನ್ನ ಬಾಯಿಗೂ ವಾರ್ನಿಶ್ ಹೊಡ್ಕೊಂಡಿದ್ದೀಯೇನಯ್ಯಾ?"

ಏಪ್ರಿಲ್ 20, ಈಸ್ಟರ್

ನನ್ನನ್ನು ಒಂದು ಮಾತೂ ಕೇಳದೆ ನಿವೆಸ್ ಟ್ರಿಯೆಸ್ಟ್ ಹುಡುಗಿಯನ್ನು ಊಟಕ್ಕೆ ಕರೆದುಬಿಟ್ಟಿದ್ದಾಳೆ. ಬರಲಿ ಬಿಡಿ ಎಂದುಕೊಂಡೆ. ಬಂದಳು, ಹೂ ತಂದಳು, ಎರಡು ಸಲ ಬಡಿಸಿಕೊಂಡು ತಿಂದಳು. ತಿನ್ನುವವರನ್ನು ಕಂಡರೆ ನಿವೆಸ್‌ಗೆ ಪ್ರಾಣ.

ಹಬ್ಬದ ಸಿಹಿ ಬ್ರೆಡ್ಡು ಗುಬಾನಾ ಕೊಯ್ದು ಮೇಲೆ ಗ್ರಾಪ್ಪಾ ಸಾರಾಯಿ ಚಿಮುಕಿಸುವ ಹೊತ್ತಿಗೆ ಸರಿಯಾಗಿ ಟುಲ್ಲಿಯೊ ಮೇಷ್ಟ್ರು ಬಂದರು. ಅವರಿಗೆ ಗುಬಾನಾದ ವಾಸನೆ ಮೂರು ಬೀದಿ ಆಚೆಗೂ ಹೊಡೆಯುತ್ತದೆ. ವಾರ್ನಿಶ್ ವಿಷಯ ಎತ್ತಲೇ ಇಲ್ಲ, ಪುಣ್ಯಾತ್ಮ. ಹುಡುಗಿ, ತಮಾರಾ ಅವಳ ಹೆಸರು, ಒಳಗೆ ತಟ್ಟೆ ತೊಳೆಯುತ್ತಾ ತನಗೆ ತಾನೇ ಏನೋ ಗುನುಗುತ್ತಿದ್ದಳು. ಮೇಷ್ಟ್ರು ತುತ್ತು ಬಾಯಲ್ಲಿಟ್ಟುಕೊಂಡೇ ಕೈ ಎತ್ತಿದರು.

"ಯಾರದು?"

"ಟ್ರಿಯೆಸ್ಟ್‌ನವಳು. ಲ್ಯಾಬಿನವಳು."

"ಲ್ಯಾಬು ಅಲ್ಲ ಮಾರಾಯ, ಅದು ಆಲ್ಟೊ ಕಂಠ! ಒನೊರಿನಾ ಪಕ್ಕ ನಿಲ್ಲಿಸ್ಬೇಕು ಅವಳನ್ನ. ಒನೊರಿನಾ ಬಾಯಿಗೆ ಒಂದು ಲಗಾಮು ಬೇಕೇ ಬೇಕು."

"ನನಗೆ ಸ್ವರಲಿಪಿ ಓದೋಕೆ ಬರಲ್ಲ ಸಾರ್" ಎಂದಳು ತಮಾರಾ, ಬಾಗಿಲಲ್ಲಿ ನಿಂತು, ಕೈಯಲ್ಲಿ ನೊರೆ.

"ಇವನಿಗೂ ಬರಲ್ಲ" ಎಂದರು ನನ್ನ ಕಡೆ ಬೆರಳು ತೋರಿಸಿ. "ಬಂದಾಗಿಂದ ಪಕ್ಕದವನ ಬಾಯಿ ನೋಡ್ಕೊಂಡು ಹಾಡ್ತಿದ್ದಾನೆ."

ಎಲ್ಲರೂ ನಕ್ಕರು. ನಾನೂ. ಇದು ಸುಳ್ಳೇನಲ್ಲ. ಇವತ್ತು ಪುಸ್ತಕಕ್ಕೆ ಕುಳಿತದ್ದು ತಡವಾಯಿತು, ಕಣ್ಣು ಎಳೆಯುತ್ತಿದೆ.

ಏಪ್ರಿಲ್ 29, ಮಂಗಳವಾರ

ಸಿಕ್ಕಿತು! ಬರೆಯುವಾಗಲೂ ನಗು ನಿಂತಿಲ್ಲ, ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ತಮಾರಾ, "ನಾನೂ ಕೆಳಗೆ ಬರ್ತೀನಿ, ಯಂತ್ರದ ಹತ್ರ ನಿಂತು ನೋಡ್ತೀನಿ" ಎಂದಳು. ಯಂತ್ರದ ಗಲಾಟೆಗೆ ಮೇಲಿನವರು ಕೆಳಗಿಳಿಯುವುದೇ ಇಲ್ಲ. ಇಬ್ಬರೂ ಹೋದೆವು. ಒನೊರಿನಾ ಹಲಗೆ ಇಟ್ಟಳು, ದೀಪದ ಕೆಳಗೆ ಹಾಯಿತು, ಆಚೆ ಬಂತು. ಒನೊರಿನಾ ಎತ್ತಿಕೊಂಡು, ಸುತ್ತು ಹಾಕಿ ಬಂದು, ಅದನ್ನೇ ಮತ್ತೆ ಈ ತುದಿಗೆ ಇಟ್ಟಳು. ಹಾಯಿತು. ನಾನು ನೋಡುತ್ತಲೇ ಇದ್ದೆ. ಏನೂ ಅನಿಸಲಿಲ್ಲ.

ತಮಾರಾ ಕೂಗಿದಳು: "ಒನೊರಿನಾ ಅಕ್ಕಾ, ಮತ್ತೆ ಯಾಕೆ ಇಟ್ರಿ?"

"ಮತ್ತೆ ಯಾಕೆ ಅಂದ್ರೆ?"

"ಒಂದು ಸಲ ಹಾಯ್ತಲ್ಲ!"

ಒನೊರಿನಾ ಯಂತ್ರ ನಿಲ್ಲಿಸಿದಳು. ಈ ಹುಡುಗಿಗೆ ಜ್ವರವೇ ಎಂಬಂತೆ ನನ್ನ ಕಡೆ ನೋಡಿದಳು. "ಒಂದೇ ಸಲಕ್ಕೆ ಯಾರಮ್ಮಾ ಬಿಡ್ತಾರೆ? ಜೀನ್ಸ್ ಪ್ಯಾಂಟು ಬಂದಾಗಿಂದ ನಾವು ಎರಡು ಸಲ ಹಾಯಿಸ್ತೀವಿ. ಹಿಂದಿನ ಜೇಬಿನ ಆ ತಾಮ್ರದ ಗುಂಡಿ ಇರುತ್ತಲ್ಲ, ಸೀಟಿನ ಮೇಲೆ ಕೂತು ಈ ಕಡೆ ಆ ಕಡೆ ಅಲ್ಲಾಡಿದ್ರೆ ಬರೀ ಗೀರು. ಹೋಟೆಲಿನವರು ಕುರ್ಚಿ ವಾಪಸ್ ಕಳಿಸೋರು. ಕೇಳು ಇವನನ್ನ."

"ಹೌದು" ಎಂದೆ. "ಎರಡನೇ ಸಲ ಪಟ್ಟಿ ನಿಧಾನ ಮಾಡು ಅಂತ ನಾನೇ ಹೇಳಿದ್ದು."

"ಇದನ್ನ ನನಗೆ ಯಾಕೆ ಹೇಳಲಿಲ್ಲ?"

ಉಸಿರಾಡುತ್ತೇನೆಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಈ ಊರಿನಲ್ಲಿ ಯಾವ ಫ್ಯಾಕ್ಟರಿಗೆ ಹೋದರೂ ಎರಡು ಸಲವೇ.

ತಮಾರಾ ಅಲ್ಲೇ ಹಲಗೆಯ ರಾಶಿಯ ಮೇಲೆ ಕುಳಿತಳು. ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಗೋಡೆ ಮೇಲೆ ಯಾರು ಕೂತ್ಕೋತಾರೆ?"

ನಾನು ಒನೊರಿನಾ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ಅದು ಗೋಡೆ" ಎಂದಳು ತಮಾರಾ. "ಜೀನ್ಸೂ ಇಲ್ಲ, ಗುಂಡಿನೂ ಇಲ್ಲ. ಮೇಲೆ ಲ್ಯಾಬಲ್ಲಿ ನಾನು ಒಂದೇ ಸಲ ಹಾಯಿಸ್ತೀನಿ. ಎರಡು ಸಲ ದೀಪ ಕಂಡ್ರೆ ಪೊರೆ ಬಿಗಿದು ಕಲ್ಲಾಗುತ್ತೆ. ಒಳಗಿನ ಮದ್ದು ಬಿಸಿಗೆ ಉಬ್ಬೋಣ ಅಂದ್ರೆ ಜಾಗನೇ ಇರಲ್ಲ, ಒಡೀತದೆ. ಹಿಟ್ಟು ಉಬ್ಬೋಕೆ ಮುಂಚೆನೇ ಮೇಲುಗಡೆ ಗಟ್ಟಿಯಾಗಿಬಿಟ್ರೆ ಬ್ರೆಡ್ ಹೇಗಾಗುತ್ತೆ ಅಕ್ಕಾ?"

"ಅಯ್ಯೋ ದೇವರೇ" ಎಂದಳು ಒನೊರಿನಾ. "ನಾವು ಗೋಡೆಗೆ ಕುಂಡೆ ಲೆಕ್ಕ ಹಾಕಿದ್ವಾ?"

ಅಲ್ಲಿಂದ ನಗು ಶುರುವಾದದ್ದು ನಿಲ್ಲಲೇ ಇಲ್ಲ. ಧಣಿ ಏನಾಯಿತೆಂದು ಓಡಿ ಬಂದರು. ಮಧ್ಯಾಹ್ನ ಒಂದೇ ಸಲ ಹಾಯಿಸಿದ ಹಲಗೆ ಅಂಗಳದಲ್ಲಿ ಸುಟ್ಟೆವು. ಉಬ್ಬಿತು ನೋಡಿ, ಎಂಥಾ ಚೆಂದ ಉಬ್ಬಿತು!

ಏಪ್ರಿಲ್ 30, ಬುಧವಾರ

ಒಂದೇ ಸಲದ ಹಲಗೆಗೆ ಉಗುರು ಹಾಕಿದೆ. ಗುರುತು ಬಿತ್ತು. ಸಣ್ಣದು, ಬೆಳಕಿಗೆ ಓರೆ ಹಿಡಿದರೆ ಕಾಣುವಂಥದ್ದು. ಬಿತ್ತು ಅಂದರೆ ಬಿತ್ತು.

ಇಂಥದ್ದು ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಬಾಗಿಲು ದಾಟಿಲ್ಲ. "ಮದ್ದು ಸ್ವಲ್ಪ ಕಮ್ಮಿ ಮಾಡೋಣ, ಸ್ವಲ್ಪ ಗಟ್ಟಿ ಆಗುತ್ತೆ" ಎಂದೆ. "ಕಮ್ಮಿ ಮಾಡಿದ್ರೆ ಸಾಕಷ್ಟು ಉಬ್ಬಲ್ಲ, ದೊಡ್ಡಪ್ಪ" ಎಂದಳು ತಮಾರಾ. ಲೆಕ್ಕ ಬಿಡಿಸಿ ತೋರಿಸಿದಳು, ಹೊಸದಾಗಿ ಎರಡು ಹಲಗೆ ಸುಟ್ಟೂ ತೋರಿಸಿದಳು. ಅವಳು ಹೇಳಿದ್ದು ಸರಿ. ಎರಡೂ ಬೇಕು ಅಂದರೆ ಎರಡೂ ಇಲ್ಲ.

ಸಂಜೆಯ ತನಕ ಆ ಹಲಗೆ ಎದುರಿಗಿಟ್ಟುಕೊಂಡು ಕುಳಿತಿದ್ದೆ. ಆಮೇಲೆ ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ 'ಒಂದೇ ಸಲ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಕಲಕುವ ಕೋಲು ಮನೆಯಲ್ಲೇ ಇತ್ತಲ್ಲ, ನಾಳೆ ಒಯ್ದು ಲ್ಯಾಬಿನಲ್ಲೇ ಇಡಬೇಕು. ಅವಳಿಗೂ ಬೇಕಾಗುತ್ತದೆ, ಅವಳ ಗಾಜಿನ ಕಡ್ಡಿಯಿಂದ ಡ್ರಮ್ಮು ಕಲಕಲಾಗುವುದಿಲ್ಲ.

ಮೇ 16, ಶುಕ್ರವಾರ

ವ್ಯಾನಿನಲ್ಲಿ ಹಲಗೆಗಳು, ತಮಾರಾ, ನಾನು. ಒನೊರಿನಾ ರಜೆ ಹಾಕಿ ಬಂದಳು, "ನನ್ನ ಹಲಗೆ, ನಾನು ನೋಡ್ಬೇಡ್ವಾ?" ಎಂದು. ಮೇಷ್ಟ್ರು ಬೇಡವೆಂದರೂ ಹತ್ತಿದರು. ದಾರಿಯುದ್ದಕ್ಕೂ ಅವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಬೆಂಕಿ ಲ್ಯಾಬಿನಲ್ಲಿ ಒಂದು ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ನಮ್ಮ ಹಲಗೆಗಳನ್ನು ಗೋಡೆಯ ಮೂಲೆಯಂತೆ ನಿಲ್ಲಿಸಿ, ಬುಡಕ್ಕೆ ಗ್ಯಾಸಿನ ಒಲೆ ಇಟ್ಟರು. ಅಲ್ಲಿನವನು ಮಾತು ಕಡಿಮೆಯ ಮನುಷ್ಯ. ಮೇಷ್ಟ್ರು ಭಯಕ್ಕೆ ಗುನುಗಲು ಶುರು ಮಾಡಿದರು.

"ಇಲ್ಲಿ ಹಾಡ್ಬಾರ್ದು, ಸ್ವಾಮಿ."

"ಹಾಡ್ತಿಲ್ಲಪ್ಪ, ಉಸಿರು ಬಿಡ್ತಿದ್ದೀನಿ."

ಉರಿ ಹೊತ್ತಿತು. ಹಲಗೆ ಕಪ್ಪಾಯಿತು. ಆ ಗಳಿಗೆ ಬಹಳ ಉದ್ದವಿತ್ತು. ಜಿಪ್ಸಮ್ ಗೋಡೆ ನನ್ನ ಕಣ್ಣೆದುರಿಗೇ ನಿಂತಿತು. ಮೇಷ್ಟ್ರು ಅದರ ಮುಂದೆ ಕೈ ಎತ್ತಿ, ಎತ್ತಿದ ಕೈ ಹಾಗೇ ಇಳಿಸುವುದೂ ಕಂಡಿತು. ಒನೊರಿನಾ ನನ್ನ ತೋಳು ಹಿಡಿದು ಹಿಸುಕಿದಳು. ತಮಾರಾ ಗಾಜಿಗೆ ಮೂಗು ಒತ್ತಿ ಪಿಸುಗುಟ್ಟಿದಳು: "ಏಳು. ಏಳು ಮರಿ. ಏಳು."

ಎದ್ದಿತು! ಮೂಲೆಯಿಂದ ಶುರುವಾಗಿ ಎರಡೂ ಕಡೆ ಗುಳ್ಳೆ ಹರಡಿಕೊಂಡು, ಕುರಿಯ ತುಪ್ಪಟದ ಹಾಗೆ ದಪ್ಪಗೆ ಎದ್ದಿತು. ಜ್ವಾಲೆ ಮೇಲಕ್ಕೆ ನೆಕ್ಕಿತು, ಜಾಗ ಸಿಗಲಿಲ್ಲ, ಕೆಳಗಿಳಿಯಿತು. ಮತ್ತೆ ನೆಕ್ಕಿತು. ಆ ಮೇಲೆ ಒಲೆಯ ಬಳಿಯೇ ಸುಮ್ಮನೆ ಕುಳಿತು ಉರಿಯಿತು, ಬೈಸಿಕೊಂಡ ನಾಯಿಯ ಹಾಗೆ.

ಒಲೆ ಆರಿಸಿದ ಮೇಲೆ ಅವನು ಪರದೆ ನೋಡಿ, ಇನ್ನೊಂದು ಪರದೆ ನೋಡಿ, ಹೇಳಿದ: "ಬಿ ದರ್ಜೆ. ಹೊಗೆ ಕಮ್ಮಿ. ಉರಿಯೋ ಹನಿ ಬಿದ್ದಿಲ್ಲ."

"ಹಂಗಂದ್ರೆ?" ಎಂದರು ಮೇಷ್ಟ್ರು.

"ಪಾಸು, ಸ್ವಾಮಿ."

"ಈಗ ಹಾಡ್ಬಹುದಾ?"

ಅವನು ಮೊದಲ ಸಲ ನಕ್ಕ. "ಹೊರಗೆ ಹೋಗಿ ಹಾಡಿ."

ಪಾರ್ಕಿಂಗ್ ಜಾಗದಲ್ಲಿ ಹಾಡಿದೆವು. ಒಂದು ಟೆನರ್, ಒಂದು ಬೇಸ್, ಎರಡು ಆಲ್ಟೊ. ಕೇಳುವವರಿಗೆ ಹೇಗಿತ್ತೋ ದೇವರೇ ಬಲ್ಲ. ತಮಾರಾ ಅಳುತ್ತಲೇ ಹಾಡಿದಳು. ನಾನು ಪಕ್ಕದವರ ಬಾಯಿ ನೋಡಿಕೊಂಡು ಹಾಡಿದೆ.

ಮೇ 27, ಮಂಗಳವಾರ

ಎಂಜಿನಿಯರ್ ಸಹಿ ಹಾಕಿದ. ಹಾಲಿನ ಹಲಗೆಗಳೆಲ್ಲ ಯಂತ್ರದಲ್ಲಿ ಹಾಯ್ದವು. ಒಂದೊಂದು ಹಲಗೆ ಆಚೆ ಬಂದಾಗಲೂ ಒನೊರಿನಾ ಕೈ ತನ್ನಷ್ಟಕ್ಕೇ ಅದನ್ನು ಹಿಂದಕ್ಕೆ ಒಯ್ಯಲು ಚಾಚುತ್ತಿತ್ತು. "ಕೈ ಕಟ್ಟಿಹಾಕ್ರೋ ಯಾರಾದ್ರೂ!" ಎಂದು ತಾನೇ ಕೂಗಿದಳು. ಕೊನೆಗೆ ನಾನು, ತಮಾರಾ ಆ ತುದಿಯಲ್ಲಿ ನಿಂತು, ಅವಳಿಗೆ ಸಿಗುವ ಮೊದಲೇ ಹಿಡಿದು ಜೋಡಿಸಿದೆವು. ಸೊಂಟ ಹಿಡಿದಿದೆ. ಇಷ್ಟು ಸಾಕು.

ಜೂನ್ 15, ಭಾನುವಾರ

ಊಟವಾಗುತ್ತಲೇ ತಮಾರಾ ಬಾಗಿಲು ಬಡಿದಳು: "ದೊಡ್ಡಪ್ಪ, ಎದ್ದೇಳಿ, ಮೇಷ್ಟ್ರು ಆಗ್ಲೇ ಹೋಗಿದ್ದಾರೆ!" ಹಾಗಾಗಿ ಈ ಪುಸ್ತಕಕ್ಕೆ ಕುಳಿತದ್ದು ಈಗ, ವಾಪಸು ಬಂದ ಮೇಲೆ.

ಹಾಲ್ ಆಗಿದೆ. ಗೋಡೆಯುದ್ದಕ್ಕೂ ಲಾರ್ಚ್, ಜೇನಿನ ಬಣ್ಣ, ಗೆರೆ ಗೆರೆ ಎಣಿಸುವಷ್ಟು ತಿಳಿ. ಮೇಷ್ಟ್ರು ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆದರು. ಆ ಸದ್ದು ಗೋಡೆಗೆ ಹೋಗಿ, ಬೆಚ್ಚಗಾಗಿ ವಾಪಸು ಬಂತು. ಒನೊರಿನಾ ತಾನೂ ಒಂದು ಚಪ್ಪಾಳೆ ಹೊಡೆದು ನೋಡಿದಳು.

ಜಾಗ ಹಿಡಿಯುವ ಗಡಿಬಿಡಿಯಲ್ಲಿ ಮೇಷ್ಟ್ರ ಕೈ ತಾಗಿ, ಸ್ವರಲಿಪಿಯ ಪುಸ್ತಕ ಇಡುವ ಅವರ ಕಬ್ಬಿಣದ ಸ್ಟ್ಯಾಂಡು ಉರುಳಿತು. ಗೋಡೆಗೆ ಒರಗಿಕೊಂಡು, ಕರ್ ಎಂದು ಕೆಳಗಿಳಿಯಿತು. ಹಲಗೆಯ ಮೇಲೆ ಗೇಣುದ್ದದ ಗೀರು, ಬೆಳ್ಳಗೆ.

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಮೇಷ್ಟ್ರ ಬಣ್ಣವೇ ಹೋಗಿತ್ತು. "ದುಯಿಲಿಯೊ..." ಎಂದು ತಡವರಿಸಿದರು. ತಮಾರಾ ಆಗಲೇ, "ಆ ಹಲಗೆ ಬಿಚ್ಚಿ ಬೇರೆ ಹಾಕ್ಬಹುದು ದೊಡ್ಡಪ್ಪ, ನಾಳೆನೇ ಹಾಯಿಸ್ಬಹುದು" ಎನ್ನುತ್ತಿದ್ದಳು.

ನಾನು ಹೋಗಿ ಹೆಬ್ಬೆರಳಿನಿಂದ ಗೀರು ಸವರಿ ನೋಡಿದೆ. ಆಮೇಲೆ ಸ್ಟ್ಯಾಂಡು ಎತ್ತಿ ಮೇಷ್ಟ್ರ ಮುಂದೆ ನಿಲ್ಲಿಸಿ, ನನ್ನ ಜಾಗಕ್ಕೆ ಬಂದು ನಿಂತೆ.

"ಹಾಡಿ, ಹಾಡಿ" ಎಂದೆ. "ಗೋಡೆ ನೋಡೋಕೆ ಬಂದಿದ್ದೀರಾ?"